ಪದ ಪರಿಚಯ: ರಾಸಾಯನಿಕ ರಕ್ಷಣೆ

ಚಿಟ್ಟೆಯ ಹುಳಕ್ಕೆ ಹಾಯಲು ಕೊಂಬಿಲ್ಲ, ಓಡಿ ತಪ್ಪಿಸಿಕೊಳ್ಳುವ ಶಕ್ತಿಯೂ ಇಲ್ಲ. ತಿನ್ನಲು ಬಂದವರನ್ನು ಕೆಲವು ಹುಳಗಳು ವಿಷ, ಕಹಿ ಅಥವಾ ವಾಸನೆಯಿಂದ ದೂರ ಇಡುತ್ತವೆ. ಇದೇ ರಾಸಾಯನಿಕ ರಕ್ಷಣೆ. ಹಾಗಂತ ಇಂಥ ಹುಳಗಳನ್ನೆಲ್ಲ 'ವಿಷದ ಹುಳ' ಎಂದು ಕರೆದರೆ ತಪ್ಪಾಗುತ್ತದೆ. ಮಂಗಳೂರು, ಉಡುಪಿ ಕಡೆ ಸುಲಭವಾಗಿ ಸಿಗುವ ಎರಡು ಹುಳಗಳನ್ನೇ ನೋಡಿ.

ಆಂಜನೇಯನ ಹಾರಕ್ಕೆ ಕೊಯ್ಯುವ ಎಕ್ಕ ಗೊತ್ತಲ್ವಾ? ಅದರ ಎಲೆ ಪ್ಲೇನ್ ಟೈಗರ್ ಚಿಟ್ಟೆಯ ಹುಳಕ್ಕೆ ಊಟ. ಎಕ್ಕದ ಹಾಲಿನಲ್ಲಿ ಕಾರ್ಡಿನೊಲೈಡ್ ಎಂಬ ವಿಷಗಳಿವೆ. ಜೀವಕೋಶದಿಂದ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ಪಂಪನ್ನು ಇವು ತಡೆಯುತ್ತವೆ. ಜಾಸ್ತಿಯಾದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ಈ ಹುಳ ಮಾತ್ರ ಅದನ್ನು ತಿಂದು ಅರಗಿಸಿಕೊಂಡು, ಒಂದಿಷ್ಟನ್ನು ಮೈಯಲ್ಲೇ ಕೂಡಿಡುತ್ತದೆ. ಚಿಟ್ಟೆಯಾದ ಮೇಲೂ ಅದು ಮೈಯಲ್ಲಿ ಉಳಿಯುತ್ತದೆ. ಎಷ್ಟು ಕೂಡುತ್ತದೆ ಎನ್ನುವುದು ತಿಂದ ಗಿಡದ ಮೇಲೆ ನಿಂತಿದೆ.

ವಿಷ ಗಿಡದ್ದೇ ಎನ್ನುವುದನ್ನು ತೋರಿಸಿದ ಪ್ರಯೋಗ ನನಗಂತೂ ಬಹಳ ಇಷ್ಟ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಲಿಂಕನ್ ಬ್ರೋವರ್ ಮತ್ತು ಜೊತೆಗಾರರು ಪ್ಲೇನ್ ಟೈಗರ್‌ನ ಹತ್ತಿರದ ನೆಂಟ ಮೊನಾರ್ಕ್ ಚಿಟ್ಟೆಯ ಹುಳಗಳನ್ನು ಎಲೆಕೋಸು ತಿನ್ನಿಸಿ ಬೆಳೆಸಿದರು. ಆ ಚಿಟ್ಟೆಗಳನ್ನು ಜೇ ಹಕ್ಕಿಗಳು ಆರಾಮವಾಗಿ ತಿಂದವು. ವಿಷದ ಗಿಡ ತಿಂದು ಬೆಳೆದ ಚಿಟ್ಟೆ ತಿಂದ ಹಕ್ಕಿಗಳು ವಾಂತಿ ಮಾಡಿಕೊಂಡವು. ಆಮೇಲೆ ಅವು ಅಂಥ ಬಣ್ಣದ ಚಿಟ್ಟೆಯನ್ನು ಮುಟ್ಟಲೇ ಇಲ್ಲ. ಪ್ಲೇನ್ ಟೈಗರ್ ಹುಳ ಕಪ್ಪು, ಬಿಳಿ, ಹಳದಿ ಪಟ್ಟೆ ತೊಟ್ಟು ರಾಜಾರೋಷವಾಗಿ ಕೂರುವುದೂ ಇದಕ್ಕೇ. ಹಕ್ಕಿಗೆ ಗುರುತು ಸಿಗಬೇಕಲ್ಲ! ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ಈ ವಿಷದ ಗೊಡವೆಗೇ ಹೋಗದೆ, ರೆಕ್ಕೆ ಬಂದ ಪ್ಲೇನ್ ಟೈಗರ್‌ನ ವೇಷ ಹಾಕಿಯೇ ಬದುಕುತ್ತದೆ.

ಹಿತ್ತಿಲಿನ ಕರಿಬೇವು, ನಿಂಬೆ ಗಿಡಗಳಲ್ಲಿರುವ ಲೈಮ್ ಚಿಟ್ಟೆಯ ಹುಳದ ದಾರಿ ಬೇರೆ. ಇದು ಅಡಗಿಕೊಳ್ಳುವ ಜಾತಿ. ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆಯಂತೆ, ದೊಡ್ಡದಾದಾಗ ಎಲೆಯ ಹಸಿರು. ಕಣ್ಣು ತಪ್ಪಿಸಲು ಆಗದಿದ್ದರಷ್ಟೇ ವಾಸನೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಮೆತ್ತನೆಯ ಅಂಗವೊಂದು ಚಾಚಿಕೊಳ್ಳುತ್ತದೆ. ಹೆಸರು ಆಸ್ಮೆಟೀರಿಯಂ. ಚಿಕ್ಕ ಹುಳದಲ್ಲಿ ಅದರಿಂದ ಮುಖ್ಯವಾಗಿ ಟರ್ಪೀನ್ ಎಂಬ ವಾಸನೆಯ ರಾಸಾಯನಿಕಗಳು ಬರುತ್ತವೆ. ಕೊನೆಯ ಪೊರೆ ಕಳಚಿ ಬೆಳೆದ ಹುಳದಲ್ಲಿ ಐಸೊಬ್ಯುಟಿರಿಕ್‌ನಂಥ ಆಮ್ಲಗಳು. ಮೂಗಿಗೆ ಹಳಸಿದ ಬೆಣ್ಣೆಯ ನಾತ. ಇರುವೆ, ಜೇಡಗಳು ಹಿಂದೆ ಸರಿಯಲು ಇಷ್ಟು ಸಾಕು. ಹಕ್ಕಿಗಳ ಮುಂದೆ ಇದು ಅಷ್ಟಾಗಿ ನಡೆಯುವುದಿಲ್ಲ.

ಕರಿಬೇವು ಕೀಳುವಾಗ ಆ ಕೆಂಪು ಕೋಡು ಕಂಡು ಬೆಚ್ಚಿದರೂ ಹುಳವನ್ನು ಹೊಸಕಬೇಡಿ. ಅದು ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ. ರೆಕ್ಕೆ ಬಂದ ಮೇಲೆ ಆ ಅಂಗವೂ ಇರುವುದಿಲ್ಲ. ಹಕ್ಕಿ ಬಂದರೆ ಲೈಮ್ ಚಿಟ್ಟೆಗೆ ವೇಗವಾಗಿ ಹಾರುವುದೊಂದೇ ದಾರಿ.