‘ಬರೀ ಆಟ ಆಡಿಸ್ತೀರಲ್ಲ ಮೇಡಂ’

ಮಕ್ಕಳಿಗೆ ಮಾತಿನ ಥೆರಪಿ ಕೊಡುವ ನನ್ನ ಕೋಣೆಯಲ್ಲಿ ಸೋಪಿನ ಗುಳ್ಳೆ ಊದುವ ಡಬ್ಬಿ ಒಂದು ಯಾವಾಗಲೂ ಇರುತ್ತದೆ. ಮುಚ್ಚಳ ಬಿಗಿಯಾಗಿ ತಿರುಗಿಸಿ ಇಟ್ಟಿರುತ್ತೇನೆ, ಪುಟ್ಟ ಮಗುವಿಗೆ ತೆಗೆಯೋಕೆ ಬರಬಾರದು ಅಂತಲೇ.

ಹೋದ ತಿಂಗಳು ಆಟಿಸಂ ಇರುವ ಎರಡೂವರೆ ವರ್ಷದ ಹುಡುಗನೊಬ್ಬ ಬಂದಿದ್ದ. ಎರಡು ಸಲ ಗುಳ್ಳೆ ಊದಿ, ಮುಚ್ಚಳ ಹಾಕಿ, ಡಬ್ಬಿ ಅವನ ಕೈಗೆ ಕೊಟ್ಟೆ. ತಿರುಗಿಸಿ ನೋಡಿದ, ಕಚ್ಚಿದ, ನೆಲಕ್ಕೆ ಕುಟ್ಟಿದ. ಆಮೇಲೆ ನನ್ನ ಕೈ ಹಿಡಿದು ಮುಚ್ಚಳದ ಮೇಲಿಟ್ಟ. ನನ್ನ ಮುಖ ನೋಡಲಿಲ್ಲ. ನಾನು ಅವನ ಎತ್ತರಕ್ಕೆ ಬಗ್ಗಿ ಕಾದೆ. ಮೂರು ಸೆಕೆಂಡು, ನಾಲ್ಕು. ಅವನ ಕಣ್ಣು ಡಬ್ಬಿಯಿಂದ ನನ್ನ ಗಲ್ಲದ ತನಕ ಬಂತು. ಅಷ್ಟರಲ್ಲಿ ಹಿಂದಿನಿಂದ ಅಮ್ಮ: ‘ಓಪನ್ ಅನ್ನು ಕಂದ, ಓಪನ್! ಹೇಳಿದ್ರೆ ಕೊಡ್ತಾರೆ!’ ಹುಡುಗ ಡಬ್ಬಿ ಬಿಟ್ಟು ಕಿಟಕಿ ಕಡೆ ಹೋದ.

ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಒಂದು ಮಾತಿಗಾಗಿ ಆಕೆ ಎಷ್ಟು ದಿನದಿಂದ ಕಾಯುತ್ತಿದ್ದಾರೆ ಅಂತ ಗೊತ್ತು. ಆದರೆ ಸೆಷನ್ ಮುಗಿದ ಮೇಲೆ ಬರುವ ಪ್ರಶ್ನೆ ಇದೆಯಲ್ಲ, ‘ಬರೀ ಆಟ ಆಡಿಸ್ತೀರಲ್ಲ ಮೇಡಂ, ಮಾತು ಯಾವಾಗ ಕಲಿಸ್ತೀರಿ?’ ಅಂತ, ಅದನ್ನು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮಾತಿನ ಪಾಠ ನಡೆಯುತ್ತಿದ್ದದ್ದು ಆ ನಾಲ್ಕು ಸೆಕೆಂಡಿನಲ್ಲೇ. ಹುಡುಗ ನನ್ನ ಕೈಯನ್ನು ಒಂದು ಸಾಮಾನಿನ ಹಾಗೆ ಬಳಸಿದ. ‘ಈ ಕೈಗೆ ಒಬ್ಬರು ಇದ್ದಾರೆ, ಅವರನ್ನು ಕೇಳಬೇಕು’ ಅನ್ನುವುದು ಇನ್ನೇನು ಹೊಳೆಯುವುದರಲ್ಲಿತ್ತು. ವಸ್ತು ನೋಡಿ, ಮುಖ ನೋಡಿ, ಮತ್ತೆ ವಸ್ತು ನೋಡುವುದಕ್ಕೆ ನಾವು ಜಂಟಿ ಗಮನ ಅನ್ನುತ್ತೇವೆ. ಹೆಚ್ಚಿನ ಮಕ್ಕಳು ಒಂದು ವರ್ಷದ ಆಸುಪಾಸಿನಲ್ಲಿ ಬೆರಳು ತೋರಿಸಲು ಶುರು ಮಾಡುತ್ತಾರೆ. ಕೆಲವು ಸಲ ‘ಅದು ಬೇಕು’ ಅಂತ. ಇನ್ನು ಕೆಲವು ಸಲ ಏನೂ ಬೇಡದೆಯೂ ತೋರಿಸುತ್ತಾರೆ, ‘ಅಲ್ಲಿ ನೋಡು!’ ಅಂತ. ಈ ಎರಡನೆಯ ಬೆರಳೇ ನನಗೆ ಮುಖ್ಯ. ಇಬ್ಬರೂ ಒಂದೇ ಹಕ್ಕಿಯನ್ನು ನೋಡುತ್ತಿದ್ದೇವೆ ಅಂತ ಮಗುವಿಗೆ ಗೊತ್ತಾದರೆ, ನೀವು ‘ಹಕ್ಕಿ’ ಅಂದದ್ದು ಆ ಹಕ್ಕಿಗೇ ಅಂಟುತ್ತದೆ. ಇಲ್ಲದಿದ್ದರೆ ಅದು ಬರೀ ಸದ್ದು.

ಇಷ್ಟು ಹೇಳಿದ ಮೇಲೂ ಅಪ್ಪ ಅಮ್ಮ ಮೊಬೈಲ್ ತೆಗೆದು ವಿಡಿಯೋ ತೋರಿಸುತ್ತಾರೆ. ‘ಮೇಡಂ, ಐವತ್ತರವರೆಗೂ ಎಣಿಸ್ತಾನೆ, ಬಣ್ಣ ಎಲ್ಲ ಹೇಳ್ತಾನೆ.’ ನಿಜ, ಹೇಳುತ್ತಾನೆ, ನನಗೂ ಖುಷಿಯೇ. ಆದರೆ ಬಾಯಾರಿದಾಗ ನೀರು ಕೇಳೋಕೆ ಬರುವುದಿಲ್ಲ, ಲೋಟದ ಮುಂದೆ ನಿಂತು ಅಳುತ್ತಾನೆ. ಅವನಿಗೆ ಪದಗಳ ಕೊರತೆ ಇಲ್ಲ. ಪದವನ್ನು ಒಬ್ಬರಿಗೆ ಕೊಟ್ಟರೆ ಏನೋ ಸಿಗುತ್ತದೆ ಅನ್ನುವುದು ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಇನ್ನೂ ಹತ್ತು ಪದ ಬಾಯಿಪಾಠ ಮಾಡಿಸಿದರೆ ಉಪಯೋಗವಿಲ್ಲ ಅಲ್ವಾ?

ಹಾಗಂತ ಗಲ್ಲ ಹಿಡಿದು ‘ನನ್ನ ಕಣ್ಣು ನೋಡು’ ಅನ್ನಬೇಡಿ. ಎಷ್ಟೋ ಮಕ್ಕಳಿಗೆ ಅದು ಹಿಂಸೆ. ಅರೆಕ್ಷಣ ನಿಮ್ಮ ಕಡೆ ತಿರುಗಿದರೂ ಸಾಕು, ಮುಚ್ಚಳ ತೆಗೆಯಿರಿ.

ಕಾಯುವುದು ಹೇಳಿದಷ್ಟು ಸುಲಭವಲ್ಲ. ಒಬ್ಬ ಅಪ್ಪನಿಗೆ ಹತ್ತು ಸೆಕೆಂಡು ಕಾಯಿರಿ ಅಂದಿದ್ದೆ. ಅವರು ತುಟಿ ಬಿಗಿಹಿಡಿದು, ಬೆನ್ನ ಹಿಂದೆ ಬೆರಳು ಮಡಚಿ ಎಣಿಸುತ್ತಿದ್ದರು. ಏಳನೇ ಬೆರಳಿಗೆ ಮಗಳು ತಲೆ ಎತ್ತಿದಳು. ಆ ಮನುಷ್ಯನ ಮುಖ ಇವತ್ತಿಗೂ ನೆನಪಿದೆ.

ಇದು ನನ್ನೊಬ್ಬಳ ಹಟವಲ್ಲ. ಬ್ರಿಟನ್ನಿನಲ್ಲಿ ಪ್ಯಾಕ್ಟ್ ಎಂಬ ಪದ್ಧತಿಯನ್ನು 152 ಪುಟ್ಟ ಮಕ್ಕಳೊಂದಿಗೆ ಪರೀಕ್ಷಿಸಿದ್ದರು. ತಂದೆತಾಯಿ ಮಗುವಿನ ಜೊತೆ ಆಡುವುದನ್ನು ವಿಡಿಯೋ ಮಾಡಿ, ಆಮೇಲೆ ಥೆರಪಿಸ್ಟ್ ಅವರ ಜೊತೆಯೇ ಕೂತು ನೋಡುತ್ತಾರೆ. ಮಗು ಎಲ್ಲಿ ಸಣ್ಣ ಸುಳಿವು ಕೊಟ್ಟಿತು, ನಾವು ಎಲ್ಲಿ ಅದನ್ನು ಗಮನಿಸಲಿಲ್ಲ ಅಂತ. 2010ರಲ್ಲಿ ಫಲಿತಾಂಶ ಬಂದಾಗ ತಂದೆತಾಯಿ ಸ್ಪಂದಿಸುವ ರೀತಿ ಚೆನ್ನಾಗಿ ಬದಲಾಗಿತ್ತು, ಆಟಿಸಂ ಲಕ್ಷಣಗಳಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆ ಮುಗಿದು ಸುಮಾರು ಆರು ವರ್ಷದ ನಂತರ ಆ ಮಕ್ಕಳಲ್ಲಿ ಹೆಚ್ಚಿನವರನ್ನು ಮತ್ತೆ ನೋಡಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪ್ಯಾಕ್ಟ್ ಸಿಕ್ಕಿದ್ದ ಮಕ್ಕಳಲ್ಲಿ ಲಕ್ಷಣಗಳ ತೀವ್ರತೆ ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕಿದ್ದವರಿಗಿಂತ ಕಡಿಮೆ ಇತ್ತು.

ಲೆಕ್ಕವನ್ನೂ ನೋಡಿ. ವಾರಕ್ಕೆ ಮುಕ್ಕಾಲು ಗಂಟೆಯ ಎರಡು ಸೆಷನ್ ಅಂದರೆ ಒಂದೂವರೆ ಗಂಟೆ. ವಾರದಲ್ಲಿ ಇರುವುದು 168 ಗಂಟೆ. ಮಗು ಉಳಿದ ಹೊತ್ತೆಲ್ಲ ಇರುವುದು ನಿಮ್ಮ ಜೊತೆ. ಹೊರಗೆ ಬೆಂಚಿನ ಮೇಲೆ ಕೂರಬೇಡಿ, ಒಳಗೆ ಬನ್ನಿ ಅಂತ ನಾನು ಕರೆಯುವುದು ಅದಕ್ಕೇ.

ಎಲ್ಲ ಮಕ್ಕಳೂ ಮಾತಾಡುತ್ತಾರೆ ಅಂತ ನಾನು ಭರವಸೆ ಕೊಡುವುದಿಲ್ಲ. ಕೊಡುವವರನ್ನು ನೀವೂ ನಂಬಬೇಡಿ. ಕೆಲವರು ಚಿತ್ರದ ಕಾರ್ಡಿನಿಂದ, ಸನ್ನೆಯಿಂದ, ಟ್ಯಾಬ್‌ನಿಂದ ಹೇಳುತ್ತಾರೆ. ಕಾರ್ಡ್ ಕೊಟ್ಟರೆ ಮಾತು ನಿಂತೇ ಹೋಗುತ್ತದೆ ಅನ್ನುವ ಭಯ ಬೇಡ, ಹಾಗೆ ಆಗುತ್ತದೆ ಅನ್ನಲು ಆಧಾರವಿಲ್ಲ. ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಆಟಿಸಂ ಅನುಮಾನ ಬಂದಿದ್ದರೆ ಅದರ ತಪಾಸಣೆಯ ವರದಿ ಕೈಗೆ ಬರುವ ತನಕ ಕಾಯದೆ ಆಟ ಶುರು ಮಾಡಿ.

ಮುಂದಿನ ಸಲ ಬರುವಾಗ ಐದು ನಿಮಿಷದ ಒಂದು ವಿಡಿಯೋ ತನ್ನಿ. ಎಣಿಸುವ ವಿಡಿಯೋ ಬೇಡ, ನೀವಿಬ್ಬರೂ ನೆಲದ ಮೇಲೆ ಕೂತು ಆಡುವುದು ಬೇಕು. ಮಗುವಿನ ಮುಖದ ಜೊತೆ ನಿಮ್ಮ ಮುಖವೂ ಕಾಣುವ ಹಾಗೆ ಮೊಬೈಲ್ ಇಡಿ.