ನೆತ್ತಿ ಮೊದಲು ಕಾಣುವುದು ಕತ್ತರಿ ಹಿಡಿದವರಿಗೆ

ನಮ್ಮ ನೆತ್ತಿ ನಮಗೆ ಕಾಣುವುದಿಲ್ಲ. ತಲೆಯ ಹಿಂಭಾಗವಂತೂ ದೂರದ ಮಾತು. ಆದರೆ ಕಟಿಂಗ್ ಶಾಪಿನವರು, ಪಾರ್ಲರಿನವರು ಅದನ್ನು ಒಳ್ಳೆ ಬೆಳಕಿನಲ್ಲಿ, ಬೈತಲೆ ಬೈತಲೆಯಾಗಿ ಬಿಡಿಸಿ, ಮತ್ತೆ ಮತ್ತೆ ನೋಡುತ್ತಿರುತ್ತಾರೆ. ಚರ್ಮದ ಡಾಕ್ಟರಿಗೂ ಸಿಗದ ಅವಕಾಶ ಇದು. ಡಾಕ್ಟರ ಹತ್ತಿರ ನಾವು ಹೋಗುವುದೇ ಅರ್ಧ ಕೂದಲು ಉದುರಿದ ಮೇಲೆ, ಅಲ್ವಾ? ಹಾಗಂತ ಕತ್ತರಿ ಹಿಡಿದವರು ಡಾಕ್ಟರ್ ಆಗಬೇಕಿಲ್ಲ. ಯಾವುದು ತಾನಾಗಿ ಸರಿಹೋಗುತ್ತದೆ, ಯಾವುದು ಕಾಯುವಂತಿಲ್ಲ, ಇಷ್ಟು ಗುರುತಿಸಿದರೆ ಸಾಕು. ಕಂಪನಿಗಳು ಶಾಂಪೂ, ಸೀರಮ್ ಮಾರಲು ಕೊಡುವ ತರಬೇತಿಯಲ್ಲಿ ಇದು ಸಿಗುವುದು ಕಷ್ಟ.

ದುಂಡು ಮಚ್ಚೆಯಿಂದ ಶುರು ಮಾಡೋಣ. ತಲೆಯಲ್ಲಿ ನಾಣ್ಯದಷ್ಟಗಲ ಕೂದಲು ಹೋಗಿದ್ದರೆ "ಹುಳ ತಿಂದಿದೆ" ಅಂದುಬಿಡುತ್ತೇವೆ. ಅಲ್ಲಿ ಯಾವ ಹುಳವೂ ಇರುವುದಿಲ್ಲ. ಹೀಗೆ ಕಾಣುವ ಕಾಯಿಲೆಗಳು ಮುಖ್ಯವಾಗಿ ಎರಡು, ಒಂದಕ್ಕೊಂದು ಸಂಬಂಧವಿಲ್ಲ. ಬೆಳಕು ಹತ್ತಿರ ತಂದು ನೋಡಿ. ಚರ್ಮ ನುಣ್ಣಗಿದೆ, ಹೊಟ್ಟಿಲ್ಲ, ಕೆಂಪಾಗಿಲ್ಲ. ಮಚ್ಚೆಯ ಅಂಚಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಮೋಟು ಕೂದಲುಗಳಿವೆ. ಅವುಗಳ ತುದಿ ದಪ್ಪ, ಬುಡ ಸಣ್ಣ, ಥೇಟ್ ಆಶ್ಚರ್ಯಸೂಚಕ ಚಿಹ್ನೆ. ಇದು ಅಲೋಪೇಶಿಯಾ ಏರಿಯೇಟಾ. ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಕೂದಲಿನ ಬೇರಿನ ಮೇಲೆ ಬಿದ್ದಿರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸಣ್ಣ ಮಚ್ಚೆ ಎಷ್ಟೋ ಸಲ ವರ್ಷದೊಳಗೆ ತಾನಾಗಿಯೇ ತುಂಬಿಕೊಳ್ಳುತ್ತದೆ. ಅಷ್ಟರಲ್ಲಿ ಬೆಳ್ಳುಳ್ಳಿ ಉಜ್ಜಿದ್ದರೆ ಹೆಸರು ಬೆಳ್ಳುಳ್ಳಿಗೆ! ಉಜ್ಜಿ ಉಜ್ಜಿ ಚರ್ಮ ಸುಟ್ಟುಕೊಂಡವರೂ ಇದ್ದಾರೆ. ಮಚ್ಚೆ ಒಂದರ ಹಿಂದೆ ಒಂದು ಬರುತ್ತಿದ್ದರೆ, ಹುಬ್ಬಿಗೂ ಹರಡಿದ್ದರೆ ತಡ ಮಾಡಬಾರದು. ತೀವ್ರವಾದ ಕಾಯಿಲೆಗೂ ಈಗ ಔಷಧಿ ಇದೆ. ಬ್ಯಾರಿಸಿಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು.

ಎರಡನೆಯದು ಹೆಚ್ಚಾಗಿ ಮಕ್ಕಳಿಗೆ ಬರುವುದು. ಮಚ್ಚೆಯ ಮೇಲೆ ಬೂದಿ ಬಣ್ಣದ ಹೊಟ್ಟು, ತುರಿಕೆ. ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳಂತೆ ಕಾಣುತ್ತದೆ. ಕೆಲವು ಮಕ್ಕಳಲ್ಲಿ ಕೀವು ತುಂಬಿ ಮೆತ್ತಗೆ ಊದಿಕೊಂಡಿರುತ್ತದೆ, ಕತ್ತಿನ ಹಿಂದೆ ಗಂಟು ಕೈಗೆ ಸಿಗುತ್ತದೆ. ಇದು ತಲೆಯ ಹುಳುಕಡ್ಡಿ, ಅಂದರೆ ಫಂಗಸ್. ಖಂಡಿತ ಅಂಟುತ್ತದೆ. ಬಾಚಣಿಗೆಯಿಂದ, ಟವೆಲಿನಿಂದ, ಕಟಿಂಗ್ ಮಷೀನಿನಿಂದ. ಆ ಮಗುವಿನ ತಲೆ ಮೇಲೆ ಓಡಿದ ಮಷೀನು ಹಾಗೇ ಮುಂದಿನ ಮಗುವಿನ ತಲೆಗೆ ಹೋದರೆ ಅಂಗಡಿಯೇ ಕಾಯಿಲೆ ಹಂಚಿದ ಹಾಗೆ. ಬ್ರಷ್‌ನಿಂದ ಕೂದಲು ಝಾಡಿಸಿದರೆ ಫಂಗಸ್ ಹೋಗುವುದಿಲ್ಲ. ಬ್ಲೇಡು ಕಳಚಿ ತೊಳೆದು, ಸೋಂಕುನಾಶಕದಲ್ಲಿ ಅದರ ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಇಡಬೇಕು. ಮಗುವಿನ ಅಪ್ಪ ಅಮ್ಮನಿಗೆ ಇನ್ನೊಂದು ಮಾತು ಹೇಳಬೇಕು. ಬರೀ ಮುಲಾಮು ಹಚ್ಚಿದರೆ ಇದು ವಾಸಿಯಾಗುವುದಿಲ್ಲ, ಕೂದಲಿನ ಬೇರಿನವರೆಗೆ ಮುಲಾಮು ಇಳಿಯುವುದಿಲ್ಲ. ಡಾಕ್ಟರ್ ಹೇಳಿದಷ್ಟು ವಾರ ಮಾತ್ರೆ ನುಂಗಲೇಬೇಕು.

ಇನ್ನು ದಿನಾ ಕೇಳಿಬರುವ ದೂರು: "ಕೈ ಹಾಕಿದರೆ ಕೂದಲು ಕಿತ್ತು ಬರುತ್ತೆ." ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಮಾಮೂಲು. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು 3 ತಿಂಗಳು ಸುಮ್ನೆ ಕೂರುತ್ತದೆ, ಕೊನೆಗೆ ಉದುರುತ್ತದೆ. ಡೆಂಗಿ, ಟೈಫಾಯ್ಡ್, ಕೋವಿಡ್, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇಂಥದ್ದೇನಾದರೂ ಆದಾಗ ಬೆಳೆಯುತ್ತಿದ್ದ ಕೂದಲು ಒಟ್ಟೊಟ್ಟಿಗೆ ಬೆಳವಣಿಗೆ ನಿಲ್ಲಿಸಿಬಿಡುತ್ತದೆ. ಉದುರುವುದು ಎರಡು ಮೂರು ತಿಂಗಳು ಕಳೆದ ಮೇಲೆ. ಅಷ್ಟು ಹೊತ್ತಿಗೆ ಜ್ವರ ಮರೆತೇ ಹೋಗಿರುತ್ತದೆ. ಹಿಂದಿನ ವಾರ ಬದಲಾಯಿಸಿದ ಶಾಂಪೂ ಮೇಲೆ ಆಪಾದನೆ ಬರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಯಾವ ಶಾಂಪೂ ಹಾಕ್ತೀರಿ" ಅನ್ನುವುದಕ್ಕಿಂತ "ಮೂರು ತಿಂಗಳ ಹಿಂದೆ ಏನಾಗಿತ್ತು" ಅನ್ನುವುದು. ಕಾರಣ ಸಿಕ್ಕಿ ಅದು ಕಳೆದಿದ್ದರೆ ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ಉದುರುವುದು ತಾನಾಗಿ ನಿಲ್ಲುತ್ತದೆ. ಬಾಣಂತಿಯರಿಗೆ ದುಬಾರಿ ಸ್ಪಾ ಮಾಡಿಸುವ ಮೊದಲು ಈ ಮಾತು ಹೇಳುವುದು ನ್ಯಾಯ. ಕಾರಣವೇ ಸಿಗದಿದ್ದರೆ ರಕ್ತಪರೀಕ್ಷೆ ಬೇಕು. ಕಬ್ಬಿಣಾಂಶ, ಥೈರಾಯ್ಡ್ ಎರಡನ್ನೂ ನೋಡಬೇಕು.

ಇದನ್ನು ಕುರ್ಚಿಯಲ್ಲೇ ಪರೀಕ್ಷಿಸಬಹುದು. ಸುಮಾರು 60 ಕೂದಲಿನ ಎಳೆ ಹಿಡಿದು, ಬುಡದಿಂದ ತುದಿಗೆ ಮೆಲ್ಲಗೆ ಜಾರಿಸುತ್ತಾ ಎಳೆಯಿರಿ. ಆರಕ್ಕಿಂತ ಜಾಸ್ತಿ ಕೈಗೆ ಬಂದರೆ ಉದುರುವುದು ಮಾಮೂಲಿಗಿಂತ ಹೆಚ್ಚಿದೆ. ಆದರೆ ಅವತ್ತೇ ತಲೆ ತೊಳೆದಿದ್ದರೆ ಲೆಕ್ಕ ತಪ್ಪುತ್ತದೆ.

ಬೆಂಗಳೂರಿನಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಉತ್ತರ: "ಇಲ್ಲಿನ ನೀರೇ ಸರಿ ಇಲ್ಲ." ಗಡಸು ಬೋರ್‌ವೆಲ್ ನೀರು ಕೂದಲನ್ನು ಒರಟು ಮಾಡುತ್ತದೆ, ಸಿಕ್ಕು ಹೆಚ್ಚಿಸುತ್ತದೆ, ನಿಜ. ಆದರೆ ಕೂದಲಿನ ಬೇರು ಇರುವುದು ಚರ್ಮದ ಕೆಳಗೆ ಕೆಲವು ಮಿಲಿಮೀಟರ್ ಆಳದಲ್ಲಿ. ನೀರಿನ ಸುಣ್ಣದಂಶ ಅಲ್ಲಿಗೆ ಇಳಿಯುವುದಿಲ್ಲ. ನನಗನ್ನಿಸುವುದು ಹೀಗೆ: ಹುಡುಗರು ಓದು, ಕೆಲಸ ಅಂತ ಬೆಂಗಳೂರಿಗೆ ಬರುವುದು ಇಪ್ಪತ್ತರ ಆಸುಪಾಸಿನಲ್ಲಿ. ಅಪ್ಪ, ಸೋದರಮಾವನಿಂದ ಬಂದ ಬೊಕ್ಕತಲೆ ಶುರುವಾಗುವುದೂ ಆಗಲೇ. ಊರಲ್ಲೇ ಇದ್ದಿದ್ದರೂ ಬರುತ್ತಿತ್ತು.

ಆ ಬೊಕ್ಕತಲೆಯ ಗುಟ್ಟು ಬಯಲಾಗಿದ್ದು ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಹರೆಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಬೊಕ್ಕತಲೆ ಬರಲಿಲ್ಲ. ಗಂಡು ಹಾರ್ಮೋನು ಟೆಸ್ಟೊಸ್ಟಿರಾನ್ ಕೊಟ್ಟಾಗ ವಂಶದಲ್ಲಿ ಬೊಕ್ಕತಲೆ ಇದ್ದವರಿಗೆ ಕೂದಲು ಉದುರತೊಡಗಿತು. ಅಂದರೆ ಹಾರ್ಮೋನು ಮತ್ತು ವಂಶ ಎರಡೂ ಸೇರಬೇಕು. ಕೂದಲು ಒಮ್ಮೆಲೇ ಮಾಯವಾಗುವುದಿಲ್ಲ, ಪ್ರತಿ ಸುತ್ತಿನಲ್ಲೂ ಇನ್ನಷ್ಟು ತೆಳ್ಳಗೆ, ಇನ್ನಷ್ಟು ಗಿಡ್ಡಗೆ ಹುಟ್ಟುತ್ತದೆ. ಗಂಡಸರಿಗೆ ಹಣೆಯ ಎರಡೂ ಮೂಲೆ ಮತ್ತು ಸುಳಿಯಲ್ಲಿ, ಹೆಂಗಸರಿಗೆ ಬೈತಲೆ ಅಗಲವಾಗುತ್ತಾ ಹೋಗುತ್ತದೆ. ದಪ್ಪ ಕೂದಲಿನ ನಡುವೆ ತೆಳು ಎಳೆಗಳು ಹೆಚ್ಚುತ್ತಿರುವುದನ್ನು ಕೈಯಲ್ಲೇ ಗುರುತಿಸುವವರು ನೀವು. ಔಷಧಿ ಚೆನ್ನಾಗಿ ಕೆಲಸ ಮಾಡುವುದೂ ಈ ಹಂತದಲ್ಲೇ. ಮಿನಾಕ್ಸಿಡಿಲ್ ಹಚ್ಚಲು ಶುರು ಮಾಡಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಗಾಬರಿಯಾದ ಗಿರಾಕಿಗೆ "ಬಿಟ್ಟುಬಿಡಿ ಸಾರ್" ಅಂದರೆ ಬಂದ ದಾರಿಗೆ ಸುಂಕವಿಲ್ಲ. ಹಳೆ ಕೂದಲು ಹೋಗಿ ಹೊಸದಕ್ಕೆ ಜಾಗ ಆಗುತ್ತಿರುತ್ತದೆ. ಕೂದಲು ನಾಟಿ ಮಾತ್ರ ಅಂಗಡಿಯ ಕೆಲಸವಲ್ಲ. ಯೂಟ್ಯೂಬ್ ನೋಡಿದರೆ ಸಾಕಷ್ಟು ತರಬೇತಿ ಆದಂತಲ್ಲ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಡಾಕ್ಟರುಗಳಿಗೇ ಹೇಳಿತು.

ನಿಜಕ್ಕೂ ತುರ್ತಾದದ್ದು ಇನ್ನೊಂದಿದೆ. ಕೂದಲು ಹೋದ ಜಾಗದಲ್ಲಿ ಚರ್ಮ ಮಿರಿಮಿರಿ ಹೊಳೆಯುತ್ತಿದೆ, ಕೂದಲು ಹುಟ್ಟುವ ಸಣ್ಣ ರಂಧ್ರಗಳೇ ಕಾಣುತ್ತಿಲ್ಲ, ಸುತ್ತ ಕೆಂಪು, ಉರಿ. ಇಲ್ಲಿ ಬೇರು ಸತ್ತು ಕಲೆಗಟ್ಟುತ್ತಿರುತ್ತದೆ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ. "ಮುಂದಿನ ತಿಂಗಳು ನೋಡೋಣ" ಅನ್ನಬೇಡಿ.

ಬಿಗಿ ಜಡೆಯೂ ಕೂದಲು ಕೀಳುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಕೂದಲನ್ನು ಎಳೆದು ಜುಟ್ಟು ಕಟ್ಟುತ್ತಿದ್ದ ಹೆಂಗಸರಲ್ಲಿ ಇದನ್ನು 1907ರಲ್ಲೇ ದಾಖಲಿಸಿದ್ದರು. ನಮ್ಮಲ್ಲಿ ಶಾಲೆಯ ಎರಡು ಜಡೆ, ಬಿಗಿ ಪೋನಿಟೇಲ್, ಮದುವೆಯ ಭಾರದ ಮೊಗ್ಗಿನ ಜಡೆ ಇವೆ. ಮದುವೆಯ ಒಂದು ದಿನದಿಂದ ಏನೂ ಆಗುವುದಿಲ್ಲ. ದಿನಾ ಎಳೆದರೆ ಹಣೆಯಂಚು, ಕಿವಿಯ ಮುಂದಿನ ಕೂದಲು ಹಿಂದೆ ಸರಿಯುತ್ತದೆ. ಶುರುವಿನಲ್ಲಿ ಸಡಿಲ ಬಿಟ್ಟರೆ ಮತ್ತೆ ಬರುತ್ತದೆ, ವರ್ಷಗಟ್ಟಲೆ ಎಳೆದ ಮೇಲೆ ಬರುವುದಿಲ್ಲ.

ಎಣ್ಣೆಯ ವಿಚಾರದಲ್ಲಿ ಜಗಳಕ್ಕೇ ಬರುತ್ತಾರೆ. ಕೊಬ್ಬರಿ ಎಣ್ಣೆ ಕೂದಲಿನ ಒಳಗಿಳಿದು ಪ್ರೋಟೀನ್ ನಷ್ಟ ತಗ್ಗಿಸುತ್ತದೆ ಅನ್ನುವುದಕ್ಕೆ ಪುರಾವೆ ಇದೆ. ತಲೆ ತೊಳೆಯುವ ಮುಂಚೆ ಕೂದಲಿಗೆ ಹಚ್ಚಿ, ಬೇಡ ಅನ್ನುವವರು ಯಾರು? ಆದರೆ ಹೊಟ್ಟಿಗೆ ಕಾರಣವಾದ ಮಲಸೀಜಿಯಾ ಫಂಗಸ್ ಬದುಕುವುದೇ ಜಿಡ್ಡು ತಿಂದು. "ಎಣ್ಣೆ ಹಾಕಲ್ಲ, ಅದಕ್ಕೇ ಹೊಟ್ಟು" ಅನ್ನುವುದು ಹಾಗಾಗಿ ಉಲ್ಟಾ ಸಲಹೆ. ಹೊಟ್ಟಿದ್ದಾಗ ಬೇಕಾದ್ದು ಫಂಗಸ್ ತಗ್ಗಿಸುವ ಕೀಟೊಕೊನಜೋಲ್‌ನಂಥ ಔಷಧಿ ಇರುವ ಶಾಂಪೂ, ಅದನ್ನೂ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು.

ಇಷ್ಟೆಲ್ಲ ಅಂಗಡಿಯಲ್ಲಿ ಸಾಧ್ಯವಾ ಅಂತ ಕೇಳಬಹುದು. ಲಾಸ್ ಏಂಜಲೀಸ್ ಭಾಗದ ಕಪ್ಪು ಜನರ 52 ಕಟಿಂಗ್ ಶಾಪುಗಳಲ್ಲಿ ಬಿಪಿ ಜಾಸ್ತಿ ಇದ್ದ 319 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಸುಮಾರು ಅರ್ಧ ಅಂಗಡಿಗಳಿಗೆ ಫಾರ್ಮಸಿಸ್ಟರೇ ಬಂದು ಔಷಧಿ ಕೊಟ್ಟರು, ಅಂಗಡಿಯವರು ಹುರಿದುಂಬಿಸಿದರು. ಉಳಿದ ಅಂಗಡಿಗಳಲ್ಲಿ "ಡಾಕ್ಟರಿಗೆ ತೋರಿಸಿ" ಎಂದರು. ಆರು ತಿಂಗಳಲ್ಲಿ ಮೇಲಿನ ಬಿಪಿ ಮೊದಲ ಗುಂಪಿನಲ್ಲಿ 27, ಎರಡನೆಯದರಲ್ಲಿ 9 ಅಂಕ ಇಳಿದಿತ್ತು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬರೀ ಮಾತಿಗೂ ಒಂದಷ್ಟು ಫಲ ಇದ್ದಿರಬೇಕು, ಡಾಕ್ಟರ ಕಡೆಯವರು ಜೊತೆಗಿದ್ದರೆ ಬಹಳ ಜಾಸ್ತಿ. ಊರಿನ ಚರ್ಮದ ಡಾಕ್ಟರ ಫೋನ್ ನಂಬರ್ ಕನ್ನಡಿಯ ಪಕ್ಕ ಅಂಟಿಸಿಟ್ಟುಕೊಳ್ಳಲು ಖರ್ಚೇನೂ ಇಲ್ಲ.

ಹೇಳುವ ರೀತಿ ಮಾತ್ರ ಮುಖ್ಯ. ಪಕ್ಕದ ಕುರ್ಚಿಗೆ ಕೇಳುವ ಹಾಗೆ "ಅಯ್ಯೋ, ಹಿಂದೆ ಬೋಳಾಗಿದೆಯಲ್ಲ ಮೇಡಂ" ಅನ್ನಬಾರದು. "ಅಕ್ಕಾ, ಹಿಂದೆ ಇಲ್ಲೊಂದು ಕಡೆ ಕೂದಲು ಕಮ್ಮಿ ಅನ್ಸುತ್ತೆ, ನಿಮ್ಮ ಫೋನಲ್ಲೇ ಫೋಟೋ ತೆಗೆದು ತೋರಿಸ್ಲಾ?" ಅಂತ ಮೆಲ್ಲಗೆ ಕೇಳಿದರೆ ಅವರೇ ನೋಡಿಕೊಳ್ಳುತ್ತಾರೆ. ಮುಂದಿನ ಸಲ ಅದೇ ಜಾಗ, ಅದೇ ಬೆಳಕು, ಇನ್ನೊಂದು ಫೋಟೋ. ಡಾಕ್ಟರ ಹತ್ತಿರ ಹೋದಾಗ ಆ ಎರಡು ಫೋಟೋ ತೋರಿಸಿದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.