ಬೋರ್ಡಿನ ಮೇಲಿನ ದರ, ಕೈಗೆ ಬರುವ ಹಣ

ವಿದೇಶಕ್ಕೆ ಹೊರಟವರು ನನ್ನ ಮೇಜಿನ ಎದುರು ಕುಳಿತು ಮೊದಲು ಕೇಳುವುದು, ನಗದು ಒಯ್ಯುವುದು ಮೇಲೋ ಕಾರ್ಡ್ ಒಯ್ಯುವುದು ಮೇಲೋ ಎಂದು. ವಿದೇಶಿ ವಿನಿಮಯದ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸಾಗುವುದಿಲ್ಲ. ನಾನು ಕಾಗದ ತೆಗೆದುಕೊಂಡು ಒಂದು ಲೆಕ್ಕ ಬರೆಯುತ್ತೇನೆ: ಖಾತೆಯಿಂದ ಒಟ್ಟು ಎಷ್ಟು ಹೋಯಿತು, ಅದಕ್ಕೆ ಪ್ರತಿಯಾಗಿ ಅಲ್ಲಿ ಎಷ್ಟು ಸಿಕ್ಕಿತು. ಕಮಿಷನ್, ಶುಲ್ಕ, ರಿಯಾಯಿತಿ ಎಂಬ ಹೆಸರುಗಳನ್ನೆಲ್ಲ ಬದಿಗಿಟ್ಟು ಈ ಎರಡು ಸಂಖ್ಯೆಗಳನ್ನು ಹೋಲಿಸಿದರೆ, ಯಾವ ದಾರಿ ಅಗ್ಗ, ಯಾವುದು ದುಬಾರಿ ಎಂಬುದು ತಾನಾಗಿಯೇ ಕಾಣುತ್ತದೆ.

ಡಾಲರ್ ಖಾತೆಯಿರುವ ಒಬ್ಬರು ಯುರೋ ಬಳಸುವ ದೇಶಕ್ಕೆ ಹೋಗಿ 200 ಯುರೋಗಳ ಹೋಟೆಲ್ ಬಿಲ್ ಕಟ್ಟಬೇಕಿದೆ ಎಂದುಕೊಳ್ಳೋಣ. ಬ್ಯಾಂಕುಗಳು ತಮ್ಮ ನಡುವೆ ವ್ಯವಹರಿಸುವ ದರ ಆ ದಿನ ಒಂದು ಯುರೋಗೆ 1.10 ಡಾಲರ್ ಇದೆ ಎಂದಿಟ್ಟುಕೊಳ್ಳೋಣ. ಯಾರೂ ನಡುವೆ ಏನನ್ನೂ ಹಿಡಿದುಕೊಳ್ಳದಿದ್ದರೆ ಆ ಬಿಲ್ಲಿನ ಬೆಲೆ 220 ಡಾಲರ್. ವಿಮಾನ ನಿಲ್ದಾಣದ ವಿನಿಮಯ ಕೌಂಟರಿನಲ್ಲಿ 'ಕಮಿಷನ್ ಇಲ್ಲ' ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಅದರ ಕೆಳಗೆ, ಕೌಂಟರಿನವರು ನಿಮ್ಮಿಂದ ಯುರೋ ಕೊಳ್ಳುವ ದರ 1.00, ನಿಮಗೆ ಮಾರುವ ದರ 1.20 ಎಂದು ಇರಬಹುದು. ಕಮಿಷನ್ ಇಲ್ಲ ಎಂಬ ಮಾತು ಸುಳ್ಳಲ್ಲ, ಆದರೆ ಲಾಭವೆಲ್ಲ ಆ ಎರಡು ದರಗಳ ಅಂತರದಲ್ಲಿಯೇ ಅಡಗಿದೆ. ಅಲ್ಲಿ 200 ಯುರೋ ಪಡೆಯಲು 240 ಡಾಲರ್ ಕೊಡಬೇಕು. ಆದ್ದರಿಂದ ಬೋರ್ಡನ್ನು ನೋಡುವಾಗ ಎರಡೂ ದರಗಳನ್ನು ಒಟ್ಟಿಗೆ ಓದಿ. ಅವುಗಳ ನಡುವಿನ ಅಂತರ ಹೆಚ್ಚಿದಷ್ಟೂ ನೀವು ತೆರುವ ಬೆಲೆ ಹೆಚ್ಚು.

ಅದೇ ಬಿಲ್ಲನ್ನು ಕಾರ್ಡಿನಲ್ಲಿ ಕಟ್ಟಿದರೆ ವೀಸಾ, ಮಾಸ್ಟರ್‌ಕಾರ್ಡ್‌ನಂತಹ ಜಾಲಗಳು ತಮ್ಮ ಅಂದಿನ ದರದಲ್ಲಿ ಲೆಕ್ಕ ಹಾಕುತ್ತವೆ. ಆ ದರ ಸಾಮಾನ್ಯವಾಗಿ ಬ್ಯಾಂಕುಗಳ ನಡುವಿನ ದರಕ್ಕೆ ಬಹಳ ಹತ್ತಿರವಿರುತ್ತದೆ, ಮತ್ತು ಎರಡೂ ಸಂಸ್ಥೆಗಳು ಅದನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುವುದರಿಂದ ಯಾರು ಬೇಕಾದರೂ ಪರಿಶೀಲಿಸಬಹುದು. ಅದರ ಮೇಲೆ ಕಾರ್ಡ್ ಕೊಟ್ಟ ಬ್ಯಾಂಕು ವಿದೇಶಿ ವ್ಯವಹಾರದ ಶುಲ್ಕ ಸೇರಿಸಬಹುದು. ಶೇ. 3 ಎಂದು ಹಿಡಿದರೂ ನಮ್ಮ ಬಿಲ್ಲು 226.60 ಡಾಲರ್ ಆಗುತ್ತದೆ. ಆ ಶುಲ್ಕವೇ ಇಲ್ಲದ ಕಾರ್ಡುಗಳೂ ಇವೆ. ನಿಮ್ಮ ಕಾರ್ಡಿನ ಶುಲ್ಕ ಎಷ್ಟೆಂಬುದನ್ನು ಹೊರಡುವ ಮೊದಲೇ ತಿಳಿದುಕೊಂಡಿರಬೇಕು.

ಹೀಗೆ ಕಾರ್ಡಿನಿಂದ ಉಳಿಸಿದ್ದು ಬಹಳ ಸಲ ಅಂಗಡಿಯ ಕಾರ್ಡ್ ಯಂತ್ರದ ಒಂದೇ ಗುಂಡಿಯಲ್ಲಿ ಕೈಬಿಟ್ಟುಹೋಗುತ್ತದೆ. ಪ್ರವಾಸ ಮುಗಿಸಿ ಬಂದವರು ನನ್ನ ಮುಂದೆ ಹರಡುವ ರಸೀದಿಗಳಲ್ಲಿ ನಾನು ಮೊದಲು ಹುಡುಕುವುದು ಆ ಗುಂಡಿ ಒತ್ತಿದ ಗುರುತನ್ನೇ. ಬೆರಳುದ್ದದ ಚೀಟಿಯ ಮೇಲ್ಭಾಗದಲ್ಲಿ 200.00 ಯುರೋ, ಅದರ ಕೆಳಗೆ 231.00 ಡಾಲರ್, ನಡುವೆ ಸಣ್ಣ ಅಕ್ಷರಗಳಲ್ಲಿ ಒಂದು ದರ, ಕೊನೆಗೆ 'ನನಗೆ ಆಯ್ಕೆ ನೀಡಲಾಗಿತ್ತು' ಎಂಬ ಅರ್ಥದ ಒಂದು ಸಾಲು ಮತ್ತು ಸಹಿ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎನ್ನುತ್ತಾರೆ. ಬಿಲ್ಲನ್ನು ನಿಮ್ಮ ದೇಶದ ಹಣದಲ್ಲಿಯೇ ಕಟ್ಟುತ್ತೀರಾ ಎಂದು ಯಂತ್ರ ಕೇಳುತ್ತದೆ. ಪರಿಚಿತ ಹಣದ ಹೆಸರು ಕಂಡಾಗ ಹೌದು ಎನ್ನುವುದು ಮನುಷ್ಯ ಸಹಜ. ಆದರೆ ಹೌದು ಎಂದ ಕ್ಷಣ ದರವನ್ನು ನಿರ್ಧರಿಸುವ ಅಧಿಕಾರ ಕಾರ್ಡ್ ಜಾಲದ ಕೈತಪ್ಪಿ ಅಲ್ಲಿನ ಪರಿವರ್ತನಾ ಸಂಸ್ಥೆಯ ಕೈಗೆ ಹೋಗುತ್ತದೆ, ಮತ್ತು ಅದು ಸೇರಿಸುವ ಹೆಚ್ಚುವರಿ ಮೊತ್ತದಲ್ಲಿ ಸಾಮಾನ್ಯವಾಗಿ ಅಂಗಡಿಗೂ ಪಾಲಿರುತ್ತದೆ. ಕೆಲವು ಬ್ಯಾಂಕುಗಳು ಅಂಗಡಿ ವಿದೇಶದಲ್ಲಿದೆ ಎಂಬ ಕಾರಣಕ್ಕೆ ತಮ್ಮ ಶೇ. 3ನ್ನೂ ಬಿಡುವುದಿಲ್ಲ, ಆಗ ಬಿಲ್ಲು 237.93 ಡಾಲರಿಗೆ ಏರಿ, ಕೌಂಟರಿನ ದುಬಾರಿ ನಗದಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ, ಒಕ್ಕೂಟದ ಕರೆನ್ಸಿಗಳ ನಡುವಿನ ಇಂತಹ ಪರಿವರ್ತನೆಯ ಹೆಚ್ಚಳವನ್ನು ಯುರೋಪಿನ ಕೇಂದ್ರ ಬ್ಯಾಂಕಿನ ದರಕ್ಕೆ ಹೋಲಿಸಿ ಶೇಕಡಾವಾರು ತೋರಿಸಲೇಬೇಕೆಂಬ ನಿಯಮ ಜಾರಿಯಲ್ಲಿದೆ. ಒಳ್ಳೆಯ ನಿಯಮವದು, ಆದರೆ ಸಾಲಿನಲ್ಲಿ ಹಿಂದೆ ಜನ ಕಾಯುತ್ತಿರುವಾಗ ಆ ಸಣ್ಣ ಅಕ್ಷರಗಳನ್ನು ಓದುವವರು ಎಷ್ಟು ಮಂದಿ? ನೀವಿರುವ ದೇಶದ ಹಣದಲ್ಲಿಯೇ ಬಿಲ್ ಹಾಕಿ ಎಂದು ಕಾರ್ಡ್ ಕೊಡುವಾಗಲೇ ಹೇಳಿಬಿಡುವುದು ಕ್ಷೇಮ.

ಎಟಿಎಂ ಪರದೆಯ ಮೇಲೆ ಇದೇ ಪ್ರಶ್ನೆ ಇನ್ನಷ್ಟು ಗೊಂದಲದ ರೂಪದಲ್ಲಿ ಬರುತ್ತದೆ. ಪರಿವರ್ತನೆಯನ್ನು ನಿರಾಕರಿಸುವ ಗುಂಡಿಯನ್ನು ಒತ್ತಿದರೆ ಹಣವೇ ಬರುವುದಿಲ್ಲವೇನೋ ಎಂದು ಹೆದರಿ ಒಪ್ಪಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ನಿರಾಕರಿಸುವುದು ಪರಿವರ್ತನೆಯನ್ನು ಮಾತ್ರ. ಹಣ ಬಂದೇ ಬರುತ್ತದೆ. ಎಟಿಎಂ ನಡೆಸುವವರು ಪ್ರತಿ ಸಲಕ್ಕೆ ಇಷ್ಟು ಎಂದು ಶುಲ್ಕ ಹಾಕುವ ಕಡೆ, ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಕೆಲವು ದಿನಗಳಿಗೆ ಸಾಕಾಗುವಷ್ಟನ್ನು ಒಮ್ಮೆಗೇ ತೆಗೆಯುವುದು ಲೇಸು. ನಗದಿಗೆ ಡೆಬಿಟ್ ಕಾರ್ಡನ್ನೇ ಬಳಸಿ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರೆ ಬಹುತೇಕ ಬ್ಯಾಂಕುಗಳು ಅಂದಿನಿಂದಲೇ ಬಡ್ಡಿ ಹಾಕುತ್ತವೆ. ಖರೀದಿಗೆ ಸಿಗುವ ಬಡ್ಡಿರಹಿತ ಅವಧಿ ಇದಕ್ಕೆ ಅನ್ವಯಿಸುವುದಿಲ್ಲ. ಆದರೆ ಹೋಟೆಲಿನವರು, ಬಾಡಿಗೆ ಕಾರಿನವರು ಮುಂಗಡವಾಗಿ ಒಂದು ಮೊತ್ತವನ್ನು ತಡೆಹಿಡಿಯುವಾಗ ಕೊಡಬೇಕಾದದ್ದು ಕ್ರೆಡಿಟ್ ಕಾರ್ಡನ್ನೇ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮದೇ ಖಾತೆಯ ಹಣಕ್ಕೆ ಬೀಗ ಬೀಳುತ್ತದೆ, ಮತ್ತು ಅದು ಬಿಡುಗಡೆಯಾಗಲು ಕೆಲವು ದಿನಗಳೇ ಹಿಡಿಯಬಹುದು.

ಮೊದಲೇ ವಿದೇಶಿ ಹಣ ತುಂಬಿಸಿಡುವ ಪ್ರಿಪೇಯ್ಡ್ ಕಾರ್ಡುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದರವನ್ನು ಇಂದೇ ನಿಗದಿಪಡಿಸಿಕೊಂಡ ನೆಮ್ಮದಿ ಅದರಲ್ಲಿದೆ. ಖರ್ಚು ಮಿತಿಯಲ್ಲಿರಬೇಕಾದ ವಿದ್ಯಾರ್ಥಿಗಳಿಗೆ ಅದು ಹೊಂದುತ್ತದೆ. ತುಂಬಿಸದ ಕರೆನ್ಸಿಯಲ್ಲಿ ಬಳಸಿದರೆ ಮತ್ತೆ ಪರಿವರ್ತನಾ ಶುಲ್ಕ ಬೀಳುತ್ತದೆ, ಉಳಿದ ಹಣವನ್ನು ವಾಪಸು ಪಡೆಯುವಾಗ ಇನ್ನೊಮ್ಮೆ ನಷ್ಟವಾಗುತ್ತದೆ.

ಹಾಗಾದರೆ ನಗದು ಬೇಡವೇ? ಬೇಕು. ಇಳಿದ ರಾತ್ರಿಯ ಟ್ಯಾಕ್ಸಿ, ಊಟ, ಒಂದು ದಿನದ ವಾಸ್ತವ್ಯಕ್ಕೆ ಸಾಲುವಷ್ಟನ್ನು ನಾನು ಎಲ್ಲರಿಗೂ ಒಯ್ಯಲು ಹೇಳುತ್ತೇನೆ. ಡಾಲರ್ ನೋಟುಗಳಾದರೆ ಹೊಸ ಸರಣಿಯವು, ಹರಿಯದ, ಮಸಿ ಗುರುತಿಲ್ಲದ ನೋಟುಗಳೇ ಇರಲಿ. ಹಲವು ದೇಶಗಳ ಕೌಂಟರುಗಳಲ್ಲಿ ಮಡಿಕೆ ಸವೆದ ನೋಟನ್ನು ಮುಟ್ಟುವುದೂ ಇಲ್ಲ. ಹತ್ತು ಸಾವಿರ ಡಾಲರಿಗಿಂತ ಹೆಚ್ಚು ನಗದಿನೊಂದಿಗೆ ಅಮೆರಿಕವನ್ನು, ಹತ್ತು ಸಾವಿರ ಯುರೋ ಅಥವಾ ಹೆಚ್ಚಿನದರೊಂದಿಗೆ ಯುರೋಪಿಯನ್ ಒಕ್ಕೂಟವನ್ನು ಪ್ರವೇಶಿಸುವವರು ಕಸ್ಟಮ್ಸ್‌ನಲ್ಲಿ ಘೋಷಿಸಲೇಬೇಕು. ಇನ್ನು ನಗದೇ ಗತಿ ಎನ್ನುವ ದೇಶಗಳೂ ಇವೆ: 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿದ ಮೇಲೆ, ಹೊರಗೆ ಪಡೆದ ಅವುಗಳ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಇರಾನಿನಲ್ಲಿಯೂ ಅವು ನಡೆಯುವುದಿಲ್ಲ.

ಒಂದು ಶುಕ್ರವಾರ ಸಂಜೆ ಪರದೇಶದಿಂದ ನನಗೆ ಕರೆ ಬಂತು. ಎಟಿಎಂ ಕಾರ್ಡನ್ನು ನುಂಗಿಕೊಂಡಿದೆ, ಸೋಮವಾರದವರೆಗೆ ಬ್ಯಾಂಕು ತೆರೆಯುವುದಿಲ್ಲ, ಜೊತೆಯಲ್ಲಿರುವ ಎರಡನೆಯ ಕಾರ್ಡೂ ಅದೇ ಖಾತೆಯದು, ಅದನ್ನೂ ಭದ್ರತೆಗಾಗಿ ತಡೆದಿದ್ದಾರೆ. ಅಂದಿನಿಂದ ನಾನು ಎರಡು ಕಾರ್ಡ್ ಎಂದು ಹೇಳಿ ಸುಮ್ಮನಾಗುವುದಿಲ್ಲ. ಎರಡು ಬೇರೆ ಬ್ಯಾಂಕುಗಳ, ಸಾಧ್ಯವಾದರೆ ಎರಡು ಬೇರೆ ಜಾಲಗಳ ಕಾರ್ಡುಗಳು, ಒಂದು ಜೇಬಿನಲ್ಲಿ, ಇನ್ನೊಂದು ಕೋಣೆಯ ಪೆಟ್ಟಿಗೆಯಲ್ಲಿ ಎಂದು ಬಿಡಿಸಿ ಹೇಳುತ್ತೇನೆ. ಬ್ಯಾಂಕಿನಿಂದ ಬರುವ ಓಟಿಪಿ ಯಾವ ಸಂಖ್ಯೆಗೆ ಹೋಗುತ್ತದೆ, ಆ ಸಿಮ್ ಅಲ್ಲಿ ಕೆಲಸ ಮಾಡುತ್ತದೆಯೇ ಎಂಬುದನ್ನೂ ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಹಿಂದಿರುಗುವಾಗ ಉಳಿದ 50 ಯುರೋಗಳನ್ನು ಮೇಲೆ ಹೇಳಿದ ಕೌಂಟರಿಗೆ ಕೊಟ್ಟರೆ ಸಿಗುವುದು 50 ಡಾಲರ್. ಅವನ್ನು ಅಲ್ಲಿಯೇ ಕೊಂಡಿದ್ದರೆ ಕೊಟ್ಟದ್ದು 60. ನಾಣ್ಯಗಳನ್ನಂತೂ ಸಾಮಾನ್ಯವಾಗಿ ಯಾವ ಕೌಂಟರಿನಲ್ಲಿಯೂ ತೆಗೆದುಕೊಳ್ಳುವುದಿಲ್ಲ. ಕೊನೆಯ ದಿನ ಹೋಟೆಲಿನ ಲೆಕ್ಕ ಚುಕ್ತಾ ಮಾಡುವಾಗ ಕೈಯಲ್ಲಿರುವ ನೋಟು, ನಾಣ್ಯಗಳನ್ನು ಮೊದಲು ಮೇಜಿನ ಮೇಲಿಟ್ಟು, ಬಾಕಿಯನ್ನಷ್ಟೇ ಕಾರ್ಡಿನಲ್ಲಿ ತೆಗೆದುಕೊಳ್ಳಿ ಎಂದು ಕೇಳಿದರೆ ಬಹುತೇಕ ಹೋಟೆಲುಗಳು ಒಪ್ಪುತ್ತವೆ.